ಬೀಸುಕಲ್ಲಿನ ಲಾವಣಿ

ಹತ್ತನೆಯ ತರಗತಿಯ ಹೆಣ್ಣುಮಕ್ಕಳಿಗೆ ಹಲಗಲಿ ಬೇಡರ ಲಾವಣಿ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರ, ಬೀಸೂಕಲ್ಲು ಹೊತ್ತುಕೊಂಡು ಹೋಗಿ ಆ ದಂಡಿನವರು ಏನು ಮಾಡ್ತಾರ್ರಿ?" ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಉತ್ತರ ಮಾತ್ರ ಹೊಳೆಯಲಿಲ್ಲ.

ಕಥೆ ನಿಮಗೂ ಗೊತ್ತಿದ್ದೀತು. 1857ರ ದಂಗೆಗೆ ಬೆದರಿದ ಇಂಗ್ಲಿಷರು, ಜನರೆಲ್ಲ ತಮ್ಮ ಆಯುಧ ಒಪ್ಪಿಸಬೇಕೆಂದು ಹುಕುಂ ಹೊರಡಿಸಿದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಹೊಟ್ಟೆಪಾಡೂ ಹೌದು, ಮಾನವೂ ಹೌದು. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಮುಂದಾಗಿ, ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ದಂಡು ಬಂದು ಊರು ಸುಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಕೆಲವರನ್ನು ಮುಧೋಳದಲ್ಲಿ ಸಂತೆಯ ದಿನವೇ. ಜನ ನೋಡಲಿ, ಹೆದರಲಿ ಎಂದು.

ಜನ ಹೆದರಿಯೂ ಇದ್ದಾರು. ಆದರೆ ಹಾಡು ಹುಟ್ಟಿತು. ಕಟ್ಟಿದವನು ತನ್ನ ಹೆಸರು ಹೇಳದೆ, ಕುರ್ತಕೋಟಿಯ ಕಲ್ಮೇಶನನ್ನು ನೆನೆದು ಸುಮ್ಮನಾಗಿದ್ದಾನೆ. ಆ ಕಾಲಕ್ಕೆ ಅದೇ ಜಾಣತನ. ದಂಡು ಏನೇನು ದೋಚಿತು ಎಂಬುದನ್ನು ಮಾತ್ರ ಅವನು ಬಿಟ್ಟಿಲ್ಲ: ಹಾಲು, ಬೆಣ್ಣೆ, ಅರಿಶಿಣ, ಜೀರಿಗೆ, ಬೆಲ್ಲ, ಕೊನೆಗೆ ತಾಳಿ, ಬೀಸುಕಲ್ಲು. ಅಡಿಗೆಮನೆಯನ್ನೇ ಹಾಡಿನಲ್ಲಿಟ್ಟಿದ್ದಾನೆ.

ಈ ಲಾವಣಿಯನ್ನು ಬರೆದಿಟ್ಟವನು ಜಾನ್ ಫೇತ್‌ಫುಲ್ ಫ್ಲೀಟ್, ಅದೇ ಇಂಗ್ಲಿಷ್ ಸರಕಾರದ ಅಧಿಕಾರಿ! ಸಂಗೊಳ್ಳಿ ರಾಯಣ್ಣನ ಲಾವಣಿಯ ಜೊತೆಗೆ, ಆದಾಯ ತೆರಿಗೆಯ ಮೇಲೆ ಕಟ್ಟಿದ ಹಾಡನ್ನೂ ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚುಹಾಕಿಸಿದ. ತೆರಿಗೆಯ ಸಂಕಟ ಹಳೆಯದೇ ಬಿಡಿ.

ನಾನು ಬಿ.ಎ. ಓದುವಾಗ, 1980ರ ದಶಕದ ಕೊನೆಗೆ, ದಲಿತ ಸಂಘರ್ಷ ಸಮಿತಿಯ ಮೆರವಣಿಗೆಯೊಂದು ಹಲಗೆ ಬಾರಿಸುತ್ತ ಕಾಲೇಜಿನ ಮುಂದೆ ಹಾಯ್ದುಹೋಯಿತು. ಸಿದ್ಧಲಿಂಗಯ್ಯನವರ ಹಾಡುಗಳು. 'ಹೊಲೆಮಾದಿಗರ ಹಾಡು' 1975ರಲ್ಲೇ ಬಂದಿತ್ತು. ಅಕ್ಷರ ಬಾರದವರೂ ಬಾಯಿಂದ ಬಾಯಿಗೆ ಅವನ್ನು ಕಲಿತಿದ್ದರು. ನನಗೂ ಬರುತ್ತಿದ್ದವು. ಆದರೂ ಗೇಟಿನ ಒಳಗೇ ತುಟಿ ಬಿಗಿಹಿಡಿದು ನಿಂತೆ. ನಮ್ಮ ಮನೆಯಲ್ಲಿ ಆ ಕೇರಿಯವರಿಗೆ ನೀರನ್ನು ಎತ್ತರದಿಂದ ಬೊಗಸೆಗೆ ಸುರಿಯುತ್ತಿದ್ದರು. ನಾನೂ ಸುರಿದಿದ್ದೆ. ಆ ಕೈ ಇಟ್ಟುಕೊಂಡು ಆ ಹಾಡು ಹೇಗೆ ಹಾಡುವುದು?

ಮುಂದಿನ ರಜೆಯಲ್ಲಿ, ಅವ್ವ ಬೇಡವೆಂದರೂ, ಅಂಗಳಕ್ಕೆ ಬಂದ ಮುದುಕಿಯ ಕೈಗೆ ತಂಬಿಗೆಯನ್ನೇ ಕೊಟ್ಟೆ. ಮುದುಕಿ ಕುಡಿಯುವ ಮೊದಲು ಅವ್ವನ ಮುಖ ನೋಡಿದಳು. ಅವ್ವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಹುಡುಗಿಗೆ ಮರುದಿನ ಉತ್ತರ ಹೇಳಿದೆ: ಬೀಸುಕಲ್ಲು ಅವರಿಗೆ ಬೇಕಾಗಿರಲಿಲ್ಲ, ಇವರಿಗೆ ಇರಬಾರದಿತ್ತು, ಅದು ಹೋದರೆ ಹಿಟ್ಟಿಲ್ಲ, ರೊಟ್ಟಿಯಿಲ್ಲ, ಬೆಳಗಿನ ಬೀಸುವ ಪದವೂ ಇಲ್ಲ. ಅವಳು ಸ್ವಲ್ಪ ಯೋಚಿಸಿ, "ನಮ್ಮ ಆಯಿಗೆ ಬೀಸೂ ಪದ ಬರ್ತಾವ್ರಿ ಅಕ್ಕೋರ" ಎಂದಳು.

ಆ ವರ್ಷದ ಗ್ಯಾದರಿಂಗಿನಲ್ಲಿ ಹುಡುಗಿಯರು ಲಾವಣಿ ಹಾಡಿದರು. ಹೆಂಗಸರ ಸಾಲಿನಲ್ಲಿ ಎಂದಿನಂತೆ ಗುಜುಗುಜು ಮಾತು. ಅರಿಶಿಣ, ಜೀರಿಗೆಯ ಸಾಲಿಗೆ ಬರುವಷ್ಟರಲ್ಲಿ ಅದು ನಿಂತಿತ್ತು.