ಬೈಜಾಂಟೈನ್ ಬಿಂಬಚಿತ್ರಗಳು ಮತ್ತು ಒಂದು ಹಸ್ತಪ್ರತಿಯ ಸಾಕ್ಷ್ಯ

ಬೈಜಾಂಟೈನ್ ಸಾಮ್ರಾಜ್ಯದ ಕ್ರೈಸ್ತರು ಮರದ ಹಲಗೆಗಳ ಮೇಲೆ ಬರೆದು ವಂದಿಸುತ್ತಿದ್ದ ಚಿತ್ರಗಳಿಗೆ ‘ಐಕಾನ್’ ಎಂದು ಹೆಸರು. ಆ ಗ್ರೀಕ್ ಶಬ್ದಕ್ಕೆ ಬಿಂಬವೆಂದೇ ಅರ್ಥ. ಇವುಗಳ ವಸ್ತು ಪರಿಮಿತವಾದುದು: ಕ್ರಿಸ್ತ, ಶಿಶುವನ್ನೆತ್ತಿಕೊಂಡ ಮರಿಯಳು, ದೇವದೂತರು, ಸಂತರು, ಮಹೋತ್ಸವಗಳ ಪ್ರಸಂಗಗಳು. ಹಿನ್ನೆಲೆಯ ಚಿನ್ನದ ರೇಕು ಲೋಕದ ಹಗಲಿರುಳುಗಳಿಗೆ ಒಳಪಡದ ದಿವ್ಯಪ್ರಕಾಶವನ್ನು ಸೂಚಿಸುತ್ತದೆ. ಮರಿಯಳ ಮೇಲುಹೊದಿಕೆಯಲ್ಲಿ ಹಣೆಯ ಬಳಿ ಒಂದು, ಭುಜಗಳಲ್ಲಿ ಎರಡು, ಹೀಗೆ ಕಾಣುವ ಮೂರು ನಕ್ಷತ್ರಗಳು ಪ್ರಸವದ ಪೂರ್ವದಲ್ಲಿಯೂ ಪ್ರಸವಕಾಲದಲ್ಲಿಯೂ ಅನಂತರವೂ ಅವಳ ಕನ್ಯಾತ್ವ ಅಖಂಡವೆಂಬುದರ ಸಂಕೇತವೆಂದು ಪರಂಪರೆ ಹೇಳುತ್ತದೆ. ಒಂದೊಂದು ವರ್ಣಕ್ಕೂ ಒಂದೊಂದು ಅರ್ಥವನ್ನು ನಿಗದಿಮಾಡುವ ಪಟ್ಟಿಗಳನ್ನು ಮಾತ್ರ ನಾವು ಅಷ್ಟಾಗಿ ನೆಚ್ಚಲಾರೆವು. ಬಿಂಬಕ್ಕೆ ಬಿಂಬತ್ವವನ್ನು ಕೊಡುವುದು ಬಣ್ಣವಲ್ಲ. ಮೂಲವ್ಯಕ್ತಿಯ ಸಾದೃಶ್ಯ ಮತ್ತು ಪಕ್ಕದಲ್ಲಿ ಬರೆದ ನಾಮಾಕ್ಷರಗಳು.

ಈ ಸಾದೃಶ್ಯ ಸಾಧ್ಯವೇ ಎಂಬುದೇ 8ನೆಯ ಶತಮಾನದ ಮಹಾವಿವಾದ. 754ರಲ್ಲಿ ಚಕ್ರವರ್ತಿ ಐದನೆಯ ಕಾನ್‌ಸ್ಟಂಟೈನನು ಹಿಯೆರಿಯಾದಲ್ಲಿ ಕೂಡಿಸಿದ ಸಭೆ ಬಿಂಬಗಳನ್ನು ನಿಷೇಧಿಸಿತು. ಅದರ ತರ್ಕ ಉಭಯತಃಪಾಶದಂತಿದೆ. ಕ್ರಿಸ್ತನ ಮಾನುಷರೂಪವನ್ನಷ್ಟೇ ಬರೆದೆನೆಂದರೆ ಅವನ ದಿವ್ಯತ್ವವನ್ನು ಬೇರ್ಪಡಿಸಿದಂತಾಯಿತು. ಎರಡನ್ನೂ ಬರೆದೆನೆಂದರೆ ಅಪರಿಮಿತವಾದುದನ್ನು ರೇಖೆಯೊಳಗೆ ಬಂಧಿಸಿದಂತಾಯಿತು. ಖಲೀಫರ ಆಳ್ವಿಕೆಯ ನಾಡಿನಲ್ಲಿದ್ದು ಚಕ್ರವರ್ತಿಯ ಕೈಗೆ ಸಿಗದ ಡಮಾಸ್ಕಸಿನ ಯೋಹಾನನಾದರೋ, ಕಾಣದ ದೇವರನ್ನು ಬರೆಯಲಾಗದು, ಶರೀರಧಾರಿಯಾಗಿ ಕಂಡವನನ್ನು ಬರೆಯಬಹುದು ಎಂದು ಅದಕ್ಕೂ ಮೊದಲೇ ಪ್ರತಿಪಾದಿಸಿದ್ದನು. ವಂದನೆ ಬೇರೆ, ದೇವರೊಬ್ಬನಿಗೇ ಸಲ್ಲುವ ಆರಾಧನೆ ಬೇರೆ; ಬಿಂಬಕ್ಕೆ ಸಂದ ಗೌರವ ಮೂಲವ್ಯಕ್ತಿಯನ್ನು ಮುಟ್ಟುತ್ತದೆ ಎಂದು 787ರ ಎರಡನೆಯ ನೈಸೀಯ ಸಭೆ ನಿರ್ಣಯಿಸಿತು. 815ರಲ್ಲಿ ನಿಷೇಧ ಮರಳಿ ಬಂದು, ರಾಣಿ ಥಿಯೊಡೋರಾಳ ಕಾಲದಲ್ಲಿ, 843ರಲ್ಲಿ, ಕೊನೆಗೊಂಡಿತು. ಈ ನಡುವೆ ಸಾಮ್ರಾಜ್ಯದಲ್ಲಿ ಅನೇಕ ಬಿಂಬಗಳು ನಾಶವಾದವು. ಸಿನಾಯಿಯ ಸಂತ ಕ್ಯಾಥರೀನಳ ಮಠ ಅದರ ಎಲ್ಲೆಯಾಚೆಗಿದ್ದುದರಿಂದ, ಬಣ್ಣವನ್ನು ಜೇನುಮೇಣದಲ್ಲಿ ಕಲಸಿ ಬರೆದ 6ನೆಯ ಶತಮಾನದ ಕ್ರಿಸ್ತಬಿಂಬ ಅಲ್ಲಿ ಉಳಿದುಬಂದಿದೆ.

ಹಸ್ತಪ್ರತಿಶೋಧಕರು ವಿಶೇಷವಾಗಿ ಲಕ್ಷಿಸಬೇಕಾದುದು ಮಾಸ್ಕೋದ ರಾಜ್ಯ ಐತಿಹಾಸಿಕ ವಸ್ತುಸಂಗ್ರಹಾಲಯದಲ್ಲಿರುವ ‘ಖ್ಲುಡೋವ್ ಕೀರ್ತನಗ್ರಂಥ’ವನ್ನು. ಇದು 9ನೆಯ ಶತಮಾನದ ಚರ್ಮಪತ್ರದ ಪ್ರತಿ. ಇದರ ಚಿತ್ರಗಳು ಅಂಚಿನಲ್ಲಿವೆ. 67ನೆಯ ಪತ್ರದ ಮುಂಬದಿಯಲ್ಲಿ, ಬಾಯಾರಿದವನಿಗೆ ಹುಳಿರಸವನ್ನು ಕೊಟ್ಟರೆಂಬ ಕೀರ್ತನೆಯ ಪಕ್ಕದಲ್ಲಿ, ಶಿಲುಬೆಯ ಮೇಲಿನ ಕ್ರಿಸ್ತನಿಗೆ ಹುಳಿರಸದಲ್ಲಿ ಅದ್ದಿದ ಸ್ಪಂಜನ್ನು ಕೋಲಿನ ತುದಿಗಿಟ್ಟು ಒಡ್ಡುವ ದೃಶ್ಯವಿದೆ. ಅದರ ಕೆಳಗೆ, ಕೆದರಿದ ಕೂದಲಿನ ಬಿಂಬಭಂಜಕನು ಅಂಥದೇ ಉದ್ದ ಕೋಲಿನ ಸ್ಪಂಜಿನಿಂದ ಕ್ರಿಸ್ತನ ದುಂಡು ಬಿಂಬಕ್ಕೆ ಸುಣ್ಣ ಬಳಿಯುತ್ತಿದ್ದಾನೆ. ಹುಳಿರಸದ ಪಾತ್ರೆಗೆ ಸಂವಾದಿಯಾಗಿ ಸುಣ್ಣದ ಪಾತ್ರೆಯೂ ಇದೆ. ಗೌರವ ಮೂಲವನ್ನು ಮುಟ್ಟುವುದಾದರೆ ಅಪಚಾರವೂ ಮುಟ್ಟಲೇಬೇಕೆಂಬ ಅನುಮಾನವನ್ನು ಚಿತ್ರಕಾರನು ಸಾಧಿಸಿದ್ದಾನೆ. ಸಭೆಗಳ ನಿರ್ಣಯಗಳಿಗಿಂತ ಈ ಪತ್ರವೇ ವಿವಾದದ ತೀವ್ರತೆಯನ್ನು ಸ್ಪಷ್ಟವಾಗಿ ತಿಳಿಸುವುದೆಂದು ನಮ್ಮ ಅಭಿಪ್ರಾಯ.

ಪ್ರತಿಯ ಕಾಲನಿರ್ಣಯಕ್ಕೆ ಸಂಬಂಧಿಸಿದ ಒಂದು ಮಾತು. ಇದರ ಮೂಲಪಾಠ ದೊಡ್ಡಕ್ಷರಗಳಲ್ಲಿತ್ತು. ಸುಮಾರು 12ನೆಯ ಶತಮಾನದಲ್ಲಿ ಯಾರೋ ಅದರ ಬಹುಭಾಗವನ್ನು ಒರಟಾದ ಸಣ್ಣಕ್ಷರಗಳಲ್ಲಿ ತಿದ್ದಿ ಬರೆದಿದ್ದಾರೆ. ಆದುದರಿಂದ ಈಗ ಕಾಣುವ ಲಿಪಿಯನ್ನೇ ಆಧಾರವಾಗಿಟ್ಟುಕೊಂಡು ಚಿತ್ರಗಳ ಕಾಲವನ್ನು ಹೇಳತಕ್ಕದ್ದಲ್ಲ.