ಹೇರಿನಿಂದ ಅಶ್ವಶಕ್ತಿಗೆ: ತೆಂಗಿನ ಸೀಮೆಯಲ್ಲಿ ಪಿಕಪ್ಪಿನ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಮುಖ್ಯ ಫಸಲು ಬೆಳೆದಲ್ಲಿಯೇ ತೀರುವಂಥದ್ದಲ್ಲವಾದ್ದರಿಂದ, ಹೊರೆಯನ್ನು ಎಷ್ಟು ಬೇಗ ಸಾಗಿಸಬಹುದೆಂಬ ಪ್ರಶ್ನೆ ಈ ಸೀಮೆಯ ವ್ಯಾಪಾರದಷ್ಟೇ ಹಳೆಯದು. ಹಾಲ್ಕುರಿಕೆಯಂಥ ಊರುಗಳ ಅಟ್ಟಗಳ ಮೇಲೆ ತಿಂಗಳುಗಟ್ಟಲೆ ಒಣಗಿ, ಒಳಗಿನ ನೀರೆಲ್ಲ ಬತ್ತಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಡಗಡ ಸದ್ದು ಮಾಡುವ ಉಂಡೆ ಕೊಬ್ಬರಿಯು ತಿಪಟೂರಿನ ಮಾರುಕಟ್ಟೆಯನ್ನು ಸೇರಿ, ಅಲ್ಲಿಂದ ಉತ್ತರ ಭಾರತದ ಪಟ್ಟಣಗಳಿಗೆ ಹೋಗುತ್ತದೆ. ಈ ಸರಕನ್ನು ಹೊತ್ತ ವಾಹನಗಳ ಕಸುವನ್ನು ಜನ ಕಾಲಕಾಲಕ್ಕೆ ಬೇರೆ ಬೇರೆ ಮಾನಗಳಿಂದ ಅಳೆದಿದ್ದಾರೆ. ಆ ಮಾನಗಳಲ್ಲಿ ಹೆಚ್ಚಿನವು ಹೊರೆಯನ್ನು ಲೆಕ್ಕದಿಂದ ಬಿಟ್ಟು ವಾಹನವನ್ನಷ್ಟೇ ಹೊಗಳಿವೆ.

ಲಾರಿಗೆ ಮೊದಲಿನ ಕಾಲದಲ್ಲಿ ಮಾನವೆಂದರೆ ಎತ್ತೇ. ಒಂದು ಎತ್ತು ಬೆನ್ನ ಮೇಲೆ ಹೊರುವಷ್ಟು ಸರಕಿಗೆ ಹೇರು ಎಂದೂ, ನಡೆದ ದಾರಿಗೆ ಹರದಾರಿ ಎಂದೂ ಲೆಕ್ಕವಿತ್ತು. ಈ ಸೀಮೆಯು ಹಳ್ಳಿಕಾರ್ ಮತ್ತು ಅಮೃತಮಹಲ್ ದನಗಳ ನಾಡೂ ಹೌದು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಅಮೃತಮಹಲ್ ತಳಿಯ ಕೇಂದ್ರ ಇಂದಿಗೂ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಿಂದ ನಡೆಯುತ್ತಿದ್ದ ಈ ದನಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಹೈದರ್ ಅಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಲು ಈ ದನಗಳೇ ಕಾರಣವೆಂದು ಮೈಸೂರಿನ ಗೆಜೆಟಿಯರು ಹೇಳುತ್ತದೆ. ಫಿರಂಗಿಯನ್ನು ಎಳೆಯುತ್ತ ದಿನಕ್ಕೆ ನಲವತ್ತು ಮೈಲಿ ನಡೆದವೆಂಬ ಈ ಮಾತಿನಲ್ಲಿ ಹೊರೆ, ದಾರಿ, ಕಾಲ ಮೂರೂ ಇರುವುದರಿಂದ, ಆಮೇಲೆ ಬಂದ ಎಷ್ಟೋ ಜಾಹೀರಾತುಗಳಿಗಿಂತ ಇದು ಪೂರ್ಣವಾದ ಅಳತೆಯೆನ್ನಬೇಕು.

ಎತ್ತಿನ ಕಸುವನ್ನು ಪರೀಕ್ಷಿಸುವ ಎರಡು ಸ್ಪರ್ಧೆಗಳು ಕರ್ನಾಟಕದಲ್ಲಿ ಇಂದಿಗೂ ನಡೆಯುತ್ತವೆ. ಹಳೆಯ ಮೈಸೂರಿನ ಕಡೆ ಹಗುರವಾದ ಗಾಡಿಗೆ ಎತ್ತು ಹೂಡಿ ಓಡಿಸುತ್ತಾರೆ. ರಾಯಚೂರು, ಬಳ್ಳಾರಿಗಳ ಕಡೆ ಭಾರವಾದ ಕಲ್ಲನ್ನು ಕಟ್ಟಿ, ಗೊತ್ತುಪಡಿಸಿದ ಹೊತ್ತಿನಲ್ಲಿ ಎಷ್ಟು ದೂರ ಎಳೆಯಿತೆಂದು ನೋಡುತ್ತಾರೆ. ಮೊದಲನೆಯದರಲ್ಲಿ ಗೆದ್ದ ಜೋಡಿ ಎರಡನೆಯದರಲ್ಲಿ ಗೆಲ್ಲಬೇಕೆಂದಿಲ್ಲ. ಯಂತ್ರಶಾಸ್ತ್ರವು ಟಾರ್ಕ್, ಅಂದರೆ ಅಚ್ಚನ್ನು ತಿರುಗಿಸುವ ಬಲ, ಮತ್ತು ಶಕ್ತಿ, ಅಂದರೆ ಆ ಕೆಲಸವನ್ನು ಎಷ್ಟು ಬೇಗ ಮಾಡಬಲ್ಲದೆಂಬುದು, ಎಂದು ಬೇರ್ಪಡಿಸುವ ಎರಡು ಗುಣಗಳ ನಡುವಿನ ಅಂತರವನ್ನು ರೈತರು ಕಲ್ಲು ಎಳೆಸಿಯೂ ಗಾಡಿ ಓಡಿಸಿಯೂ ಕಂಡುಕೊಂಡಿದ್ದರು.

1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ರೈಲು 1889ರ ಹೊತ್ತಿಗೆ ತಿಪಟೂರನ್ನು ದಾಟಿ ಹರಿಹರವನ್ನು ಮುಟ್ಟಿದ ಮೇಲೆ ದೂರದ ಸಾಗಣೆ ಗಾಡಿಯ ಕೈಯಿಂದ ಜಾರಿತು. ಲಾರಿಯ ಕಾಲವು ಸ್ವಾತಂತ್ರ್ಯದ ನಂತರದ್ದು. ಜರ್ಮನಿಯ ಡೈಮ್ಲರ್ ಬೆಂಜ್ ಕಂಪನಿಯೊಡನೆ 1954ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಜಮ್‌ಶೆಡ್‌ಪುರದಲ್ಲಿ ಟಾಟಾ ಲಾರಿಗಳು ತಯಾರಾಗತೊಡಗಿದವು. 1969ರಲ್ಲಿ ಒಪ್ಪಂದ ಮುಗಿದರೂ ಜರ್ಮನರ ಹೆಸರಿಡುವ ಪದ್ಧತಿ ಉಳಿಯಿತು. ಹನ್ನೆರಡು ಹತ್ತು ಎಂದು ಕರೆಸಿಕೊಂಡ 1210 ಲಾರಿಯ ಮೊದಲೆರಡು ಅಂಕಿಗಳು ಗಾಡಿ ಮತ್ತು ಸರಕು ಸೇರಿದ ಒಟ್ಟು ತೂಕವನ್ನು ಟನ್ನುಗಳಲ್ಲಿಯೂ, ಕೊನೆಯ ಎರಡು ಅಂಕಿಗಳು ಎಂಜಿನಿನ ಅಶ್ವಶಕ್ತಿಯನ್ನು ಹತ್ತುಗಳಲ್ಲಿಯೂ ಸುಮಾರಾಗಿ ಹೇಳುತ್ತವೆ. ಅಶ್ವಶಕ್ತಿಯೆಂಬುದು ಜೇಮ್ಸ್ ವಾಟ್ ತನ್ನ ಹಬೆಯಂತ್ರವನ್ನು ಕುದುರೆಯ ಕೆಲಸಕ್ಕೆ ಹೋಲಿಸಿ ಮಾರಲು ಕಟ್ಟಿದ ಮಾನ. ಮೆಟ್ರಿಕ್ ಲೆಕ್ಕದಲ್ಲಿ ಮುಕ್ಕಾಲು ಕ್ವಿಂಟಾಲ್ ಕೊಬ್ಬರಿಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತುವ ಸಾಮರ್ಥ್ಯವೇ ಒಂದು ಅಶ್ವಶಕ್ತಿ. ಒಂದು ಜೊತೆ ಎತ್ತಿನದು ಹೆಚ್ಚುಕಡಿಮೆ ಇಷ್ಟೇ.

ಹದಿನಾರು ಹದಿಮೂರು, ಅಂದರೆ 1613, ಬಂದಾಗ ಅದು 1210ಕ್ಕಿಂತ ಬಲವಾದ ಗಾಡಿಯೆಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ನೂರು ಅಶ್ವಶಕ್ತಿಯನ್ನು ಹನ್ನೆರಡು ಟನ್ನಿಗೆ ಹಂಚಿದರೆ ಟನ್ನಿಗೆ 8.3 ಬರುತ್ತದೆ, ನೂರ ಮೂವತ್ತನ್ನು ಹದಿನಾರಕ್ಕೆ ಹಂಚಿದರೆ 8.1. ನಿಂತ ಲಾರಿಯನ್ನು ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ ತರಲು, ಎಂಜಿನಿನ ಶಕ್ತಿಯಲ್ಲಿ ಚೂರೂ ಪೋಲಾಗದಿದ್ದರೆ, ಎರಡಕ್ಕೂ ಬೇಕಾಗುವುದು ಸುಮಾರು 23 ಸೆಕೆಂಡು. ಗಾಳಿಯ ತಡೆ, ಟೈರಿನ ಘರ್ಷಣೆ, ಗೇರು ಬದಲಿಸುವಾಗ ಎಳೆತ ನಿಂತುಹೋಗುವ ಕ್ಷಣಗಳು ಸೇರಿದಾಗ ರಸ್ತೆಯ ಮೇಲೆ ತಗಲುವ ಕಾಲ ಇದಕ್ಕಿಂತ ಬಹಳ ಹೆಚ್ಚು. ಚಲನೆಯ ಚೈತನ್ಯವು (ಎನರ್ಜಿ) ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 30ರಿಂದ 60ಕ್ಕೆ ಹೋಗಲು ಸೊನ್ನೆಯಿಂದ 30ಕ್ಕೆ ಬೇಕಾದದ್ದರ ಮೂರು ಪಟ್ಟು ಚೈತನ್ಯ ಬೇಕು; ಲಾರಿಯೊಂದು ಊರ ಹೊರಗೆ ಚುರುಕಾಗಿ ಹೊರಟು, ಹೆದ್ದಾರಿಯಲ್ಲಿ ಮುಂದಿನ ಗಾಡಿಯನ್ನು ಹಿಂದಿಕ್ಕಲಾರದೆ ಹೆಣಗುವುದು ಇದೇ ಕಾರಣಕ್ಕೆ. ಇನ್ನು ಐದಾರು ಟನ್ ತೂಗುವ ಖಾಲಿ ಲಾರಿಯಂತೂ ಹದಿನಾರು ಟನ್ನಿನ ಲಾರಿಯ ಮೂರನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಅದೇ ವೇಗವನ್ನು ಮುಟ್ಟುತ್ತದೆ. ಲೋಡು ಎಷ್ಟಿತ್ತೆಂದು ಹೇಳದೆ ಇಂಥ ಗಾಡಿಯ ಪಿಕಪ್, ಅಂದರೆ ವೇಗ ಹಿಡಿಯುವ ಚುರುಕು, ಒಳ್ಳೆಯದೆನ್ನುವ ಮಾತಿಗೆ, ಹಾಗಾಗಿ, ಅರ್ಥವಿಲ್ಲ.

ಪಠ್ಯಪುಸ್ತಕಗಳು ವೇಗೋತ್ಕರ್ಷ ಎಂದು ಕರೆಯುವ ಈ ಪಿಕಪ್ಪನ್ನು ಕ್ರಮವಾಗಿ ಅಳೆಯುವ ಕೆಲಸ ಪುಣೆಯಲ್ಲಿ 1966ರಲ್ಲಿ ಸ್ಥಾಪನೆಯಾದ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಗಳದ್ದು. ಲಾರಿಯನ್ನು ಅದರ ಪೂರ್ಣ ತೂಕಕ್ಕೆ ತುಂಬಿ, ಸಮತಟ್ಟಾದ ನೇರ ದಾರಿಯಲ್ಲಿ ನಿಂತಲ್ಲಿಂದ ಓಡಿಸಿ, ಒಂದೊಂದು ವೇಗವನ್ನು ಮುಟ್ಟಿದ ಕ್ಷಣವನ್ನು ಗುರುತಿಸುತ್ತಾರೆ. ಗಾಳಿ ಮತ್ತು ಕಣ್ಣಿಗೆ ಕಾಣದ ಇಳಿಜಾರಿನ ಪಕ್ಷಪಾತವನ್ನು ಕಳೆಯಲು ಅದೇ ದಾರಿಯಲ್ಲಿ ಎದುರು ದಿಕ್ಕಿಗೂ ಓಡಿಸಿ ಸರಾಸರಿ ತೆಗೆಯುತ್ತಾರೆ. ಉಪಗ್ರಹದ ಸಂಕೇತದಿಂದ ವೇಗ ತಿಳಿಯುವ ಉಪಕರಣಗಳು ಬರುವ ಮೊದಲು, ಐದನೆಯ ಚಕ್ರವೆಂದು ಹೆಸರಾದ, ಸೈಕಲ್ ಗಾಲಿಯನ್ನು ಹೋಲುವ ಚಕ್ರವೊಂದನ್ನು ವಾಹನಕ್ಕೆ ಕಟ್ಟಿ ನೆಲದ ಮೇಲೆ ಉರುಳಿಸುತ್ತಿದ್ದರು. ವಾಹನದ ಸ್ಪೀಡೋಮೀಟರನ್ನು ನಂಬುವಂತಿರಲಿಲ್ಲ.

2018ರಲ್ಲಿ ಕೇಂದ್ರ ಸರ್ಕಾರವು ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿದ ಮೇಲೆ ಟನ್ನಿಗೆ ಇಷ್ಟು ಅಶ್ವಶಕ್ತಿಯೆಂಬ ಲೆಕ್ಕ ಮತ್ತಷ್ಟು ಬಿಗಿಯಾಗಿದೆ. 2818 ಎಂಬ ಹೆಸರಿನ ಲಾರಿಯಲ್ಲಿ ಟನ್ನಿಗೆ ಸಿಗುವುದು 6.4 ಅಶ್ವಶಕ್ತಿ, ಹಳೆಯ 1210ರದಕ್ಕಿಂತ ಕಾಲು ಭಾಗದಷ್ಟು ಕಡಿಮೆ. ಟರ್ಬೋ, ಅಂದರೆ ಹೊಗೆಯ ಬಲದಿಂದಲೇ ಎಂಜಿನಿಗೆ ಹೆಚ್ಚು ಗಾಳಿ ತುಂಬುವ ಸಾಧನ, ಕಡಿಮೆ ಸುತ್ತಿನಲ್ಲಿಯೂ ಒಳ್ಳೆಯ ಟಾರ್ಕ್ ಕೊಡುವುದರಿಂದ ಚಾಲಕನಿಗೆ ಈ ಕೊರತೆ ಅಷ್ಟಾಗಿ ತಟ್ಟುವುದಿಲ್ಲವೆಂಬುದು ನಿಜ. ಆದರೂ ಉದ್ದನೆಯ ಏರಿನಲ್ಲಿ ಟನ್ನಿನ ಪಾಲೇ ಕೊನೆಯ ತೀರ್ಪು ಹೇಳುತ್ತದೆ. 2015ರ ಅಕ್ಟೋಬರಿನಿಂದ ಹೊಸ ಲಾರಿಗಳಿಗೆ ಗಂಟೆಗೆ 80 ಕಿಲೋಮೀಟರ್ ಮೀರದಂತೆ ತಡೆಯುವ ವೇಗನಿಯಂತ್ರಕ ಕಡ್ಡಾಯವಾಗಿರುವುದರಿಂದ, ತಿಪಟೂರಿನಿಂದ ಕೊಬ್ಬರಿ ತುಂಬಿ ಹೊರಡುವ ಎರಡು ಹೊಸ ಲಾರಿಗಳ ಓಟದಲ್ಲಿ ಹೋಲಿಸಿ ನೋಡಲು ಉಳಿದಿರುವುದು, ಆ 80ನ್ನು ಯಾವುದು ಮೊದಲು ಮುಟ್ಟುತ್ತದೆ ಎಂಬುದೊಂದೇ.