ಎರೆಸೀಮೆಯಲ್ಲಿ ಏಳದ ಗೋಪುರಗಳು

ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಬಯಲಿನಲ್ಲಿ ದೂರದಿಂದ ಕಣ್ಣಿಗೆ ಬೀಳುವುದು ಗುಡಿಯ ಶಿಖರ, ದರ್ಗಾದ ಗುಮ್ಮಟಗಳೇ ಹೊರತು ಚರ್ಚಿನ ಗೋಪುರವಲ್ಲ. ಜರ್ಮನ್ ಪಾದ್ರಿಗಳ ಎರಡು ಪಂಗಡಗಳು ಈ ಸೀಮೆಯನ್ನು ಮುಟ್ಟಿಯೂ ಹೀಗಾದದ್ದಕ್ಕೆ ಮುಖ್ಯ ಕಾರಣ, ಬಂದವರು ಬೋಧಕರಾಗಿದ್ದರೇ ವಿನಾ ಒಕ್ಕಲಿಗರಾಗಿರಲಿಲ್ಲ ಎಂಬುದು.

ಹೋಲಿಕೆಗೆ ನೋಡಿದರೆ, ಅಮೆರಿಕದ ಒಹಾಯೊ ರಾಜ್ಯದ ಮರ್ಸರ್ ಕೌಂಟಿಯಲ್ಲಿ 19ನೆಯ ಶತಮಾನದಲ್ಲಿ ನೆಲೆಸಿದ ಜರ್ಮನ್ ಕ್ಯಾಥೊಲಿಕ್ ರೈತರು ಹೊಲ ಕೊಂಡು, ಮಕ್ಕಳುಮರಿಗಳೊಡನೆ ಬೇರೂರಿ, ಊರೂರಿಗೂ ಗಾಥಿಕ್ ಶೈಲಿಯ, ಅಂದರೆ ಚೂಪು ಕಮಾನು ಮತ್ತು ಮುಗಿಲಿಗೆ ನೆಗೆಯುವ ಗೋಪುರಗಳುಳ್ಳ ಇಟ್ಟಿಗೆಯ ಇಗರ್ಜಿಗಳನ್ನು ಎತ್ತಿದರು. ವಿಜಾಪುರ ಜಿಲ್ಲೆಗೆ ಅಂಥ ವಲಸೆ ಬರಲಿಲ್ಲ. 1886ರಲ್ಲಿ ಸ್ಥಾಪನೆಯಾದ ಪುಣೆ ಧರ್ಮಪ್ರಾಂತ್ಯದ, ಎಂದರೆ ಒಬ್ಬ ಬಿಷಪ್ಪನ ಆಡಳಿತಕ್ಕೊಳಪಟ್ಟ ಪ್ರದೇಶದ ಭಾಗವಾಗಿ ಜಿಲ್ಲೆಯು ಜೆಸ್ಯುಯಿಟ್ ಎಂಬ ಕ್ಯಾಥೊಲಿಕ್ ಸಂಘದ ಜರ್ಮನ್ ಪಾದ್ರಿಗಳ ಪಾಲಿಗೆ ಬಂದಿತಾದರೂ, ಅವರ ಹಿಂದೆ ರೈತ ಕುಟುಂಬಗಳಿರಲಿಲ್ಲ. (ಕೃಷ್ಣೆಯಾಚೆಯ ಮುದಗಲ್ಲಿನ ಕ್ಯಾಥೊಲಿಕರ ಕಥೆ ಬೇರೆ, ಅದು ಗೋವೆಯ ಜೆಸ್ಯುಯಿಟರಿಂದ ಆದಿಲ್‌ಶಾಹಿ ಕಾಲದಲ್ಲೇ ಮೊದಲಾದದ್ದು.)

ಇನ್ನೊಂದು ಪಂಗಡ, ಪ್ರೊಟೆಸ್ಟಂಟರಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ಗುಳೇದಗುಡ್ಡಕ್ಕೆ, ಗದಗ–ಹೊಟಗಿ ರೈಲುಮಾರ್ಗ ತೆರೆದ ಬೆನ್ನಲ್ಲೇ 1885ರಲ್ಲಿ ವಿಜಾಪುರಕ್ಕೆ ತಲುಪಿದರು. ಗದಗಿನ ಬಳಿಯ ಮಲಸಮುದ್ರದಲ್ಲಿ 1841ರಲ್ಲಿ ಅವರು ಕಟ್ಟಿದ ಕೃಷಿ ವಸಾಹತು ಬಹುಕಾಲ ಬಾಳಲಿಲ್ಲ. ಕ್ಯಾಥೊಲಿಕ್ ಇಗರ್ಜಿಯಲ್ಲಿ ಬಲಿಪೂಜೆ ನಡೆಯುವ ಪೀಠವೂ ಸಂತರ ಪ್ರತಿಮೆಗಳೂ ಕಣ್ಣನ್ನು ಸೆಳೆದರೆ, ಬಾಸೆಲ್ ಮಿಶನ್ನಿನವರ ದೇವಾಲಯದಲ್ಲಿ ಉಪದೇಶದ ವೇದಿಕೆಯೇ ಪ್ರಧಾನವಾಗಿದ್ದುದರಿಂದ ಸರಳವಾದ ಹಜಾರವೇ ಸಾಕಾಗುತ್ತಿತ್ತು.

ನೆಲದ ಗುಣವನ್ನೂ ಕಡೆಗಣಿಸುವಂತಿಲ್ಲ. ಹಿಮ ಜಾರಿಹೋಗಲೆಂದು ಯುರೋಪಿನಲ್ಲಿ ರೂಢಿಯಾದ ಕಡಿದಾದ ಚಾವಣಿಯಾಗಲಿ, 1865ರಿಂದ ಮಿಶನ್ನಿನ ಮಂಗಳೂರು ಕಾರ್ಖಾನೆಯಲ್ಲಿ ತಯಾರಾದ ಹಂಚಾಗಲಿ, ಮಳೆ ವಿರಳವಾದ, ತೊಲೆ ಜಂತಿಗಳ ಮೇಲೆ ಮಣ್ಣು ಹರವಿದ ಮೇಲ್ಮುದ್ದೆಯೇ ತಂಪು ನೀಡುವ ಈ ಸೀಮೆಯಲ್ಲಿ ಕಟ್ಟಡಕ್ಕೆ ಅಗತ್ಯವಿರಲಿಲ್ಲ. ಅವುಗಳನ್ನು ಇಲ್ಲಿಗೆ ತರಬಹುದಾಗಿದ್ದದ್ದು ತವರಿನ ನೆನಪೊಂದೇ, ಅದಕ್ಕೆ ನೆಲೆಸಿದ ಜನ ಬೇಕಿತ್ತು.

ಕೊನೆಗೆ ಬಂದಿದ್ದ ಬೋಧಕರೂ ಉಳಿಯಲಿಲ್ಲ: 1914ರ ಮಹಾಯುದ್ಧ ಎರಡೂ ಪಂಗಡಗಳ ಜರ್ಮನರನ್ನು ಬಂಧನಕ್ಕೋ ಗಡೀಪಾರಿಗೋ ಒಳಪಡಿಸಿತು. ಜರ್ಮನರೇ ಆಗಿದ್ದ ಪುಣೆಯ ಬಿಷಪ್ ಹೆನ್ರಿ ಡೋರಿಂಗ್ 1921ರಲ್ಲಿ ಜಪಾನಿನ ಹಿರೋಶಿಮಾಕ್ಕೆ ನೇಮಕಗೊಂಡು, 1927ರಲ್ಲಿ ಪುಣೆಗೆ ಮರಳಿದರು.